ಸೀಲ್ ಒಡೆದ ಪ್ರೋಟೀನ್ ಡಬ್ಬಿ ಏಳು ತಿಂಗಳು ಸಜ್ಜಾದ ಮೇಲಿತ್ತು: ಬಳಸಬಹುದೇ, ಬಿಸಾಡಬೇಕೇ?

ಬಿಬ್ಲಾಕ್_ಬಾಡಿಗೆಮನೆ
ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರಿನಲ್ಲಿ ಕಡಿಮೆ ದರಕ್ಕೆ ಸಿಕ್ಕಿತೆಂಬ ಆಸೆಗೆ ಎರಡು ಕಿಲೋ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಡಬ್ಬಿಯೊಂದನ್ನು ತರಿಸಿಕೊಂಡಿದ್ದೆ. ಡಿಸೆಂಬರಿನಲ್ಲಿ ಸೀಲ್ ಒಡೆದು ಮೂರು ವಾರ ಬಳಸಿದೆ. ಅಷ್ಟರಲ್ಲಿ ಭುಜ ಹಿಡಿದುಕೊಂಡು ಜಿಮ್ ನಿಂತಿತು, ಹಿಂದೆಯೇ ಪರೀಕ್ಷೆಗಳು ಬಂದವು, ಡಬ್ಬಿ ಅಡುಗೆಮನೆಯ ಸಜ್ಜಾ ಸೇರಿತು. ನಮ್ಮದು ಎಂಸಿಸಿ ಬಿ ಬ್ಲಾಕಿನಲ್ಲಿ ಮೇಲಂತಸ್ತಿನ ಬಾಡಿಗೆ ಮನೆ. ತಾರಸಿಗೆ ತಾಗಿದ ಸಜ್ಜಾ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೇಗೆ ಕಾಯುತ್ತದೆ ಎಂಬುದನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಜುಲೈ. ನಿನ್ನೆ ಇಳಿಸಿ ನೋಡಿದರೆ ಮೇಲಿನ ಪದರ ಪುಡಿಯಾಗಿಯೇ ಇದೆ, ಆದರೆ ಒಳಗೆ ಚಮಚ ಆಡಿಸಿದಾಗ ಗಂಟುಗಳು ಸಿಕ್ಕವು. ಡಬ್ಬಿಯ ಮೇಲಿನ ದಿನಾಂಕದ ಪ್ರಕಾರ ಇನ್ನೂ ಹತ್ತು ತಿಂಗಳು ಬಾಕಿ ಇದೆ. ಅರ್ಧಕ್ಕಿಂತ ಹೆಚ್ಚು ಪುಡಿ ಉಳಿದಿರುವುದರಿಂದ ಚೆಲ್ಲಲು ಮನಸ್ಸು ಬರುತ್ತಿಲ್ಲ. ಅಮ್ಮ ಫೋನಿನಲ್ಲಿ ಕೇಳಿದ ತಕ್ಷಣ ಬಿಸಾಡು ಎಂದರು. ಅಣ್ಣ ದಿನಾಂಕ ಮುಗಿದಿಲ್ಲವಲ್ಲ, ಕುಡಿ ಎನ್ನುತ್ತಾನೆ. ತಿಳಿದವರು ದಯವಿಟ್ಟು ಹೇಳಿ.

ಗರಡಿಮನೆ_ಮಣ್ಣು
ಅಮ್ಮನ ಮಾತು ಕೇಳು ತಮ್ಮಾ.

ಕೋಟೆ_ಮೆಟ್ಟಿಲು
ನಾನು ಚಿತ್ರದುರ್ಗದವನು. ಐದು ವರ್ಷಗಳಿಂದ ಇದೇ ಪುಡಿಯನ್ನು ಬಳಸುತ್ತಿದ್ದೇನೆ. ಗಂಟಾದ ಮಾತ್ರಕ್ಕೆ ಕೆಟ್ಟಿದೆ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಪುಡಿ ತನ್ನ ಭಾರಕ್ಕೇ ಕೆಳಗೆ ಒತ್ತಿಕೊಂಡು ಹೆಪ್ಪುಗಟ್ಟುವುದುಂಟು. ಅಂಥ ಗಂಟನ್ನು ಎರಡು ಬೆರಳಲ್ಲಿ ಹಿಸುಕಿದರೆ ಹಿಟ್ಟಿನಂತೆ ಉದುರುತ್ತದೆ. ತೇವ ಕುಡಿದು ಆದ ಗಂಟು ಹಾಗಲ್ಲ, ಅದು ಉಳುಮೆ ಮಾಡಿದ ಹೊಲದಲ್ಲಿ ಒಣಗಿದ ಹೆಂಟೆಯಂತೆ ಇರುತ್ತದೆ. ಮೊದಲು ನಿಮ್ಮದು ಯಾವುದು ಎಂದು ನೋಡಿ. ಬಣ್ಣವನ್ನೂ ಗಮನಿಸಿ: ಕೆನೆಬಣ್ಣದ ಪುಡಿ ಹಳದಿಗೋ ಕಂದಿಗೋ ತಿರುಗಿದ್ದರೆ ಮತ್ತೇನೂ ಪರೀಕ್ಷೆ ಬೇಡ.

ಬಿಬ್ಲಾಕ್_ಬಾಡಿಗೆಮನೆ
ನನ್ನದು ಚಾಕೊಲೇಟ್ ರುಚಿಯದು ಸರ್, ಹುಟ್ಟಿನಿಂದಲೇ ಕಂದು. ಬಣ್ಣ ನೋಡಿ ಹೇಳುವುದು ಹೇಗೆ?

ಮಂಡಕ್ಕಿ_ಮಿರ್ಚಿ
ಕೋಟೆಯವರ ಅರ್ಧ ವಾದ ಅಲ್ಲಿಗೇ ಬಿದ್ದಿತು.

ಡೇರಿ_ಲ್ಯಾಬ್
ಹಾಲಿನ ಉತ್ಪನ್ನಗಳ ಗುಣಮಟ್ಟ ಪರೀಕ್ಷಿಸುವುದೇ ನನ್ನ ಉದ್ಯೋಗವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಭಾಗ ಕೇಸೀನ್, 20 ಭಾಗ ವೇ. ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿನೀರಿನಲ್ಲಿ ಇರುವುದು ಈ ಎರಡನೆಯದು. ಅದನ್ನು ಸೋಸಿ, ಒಣಗಿಸಿ ಪುಡಿ ಮಾಡಿದಾಗ ಅದರಲ್ಲಿ ಉಳಿಯುವ ನೀರು ನೂರಕ್ಕೆ ಐದರ ಆಸುಪಾಸು ಮಾತ್ರ. ಪುಡಿ ಬಾಳಿಕೆ ಬರುವುದಕ್ಕೆ ಇದೇ ಮುಖ್ಯ ಕಾರಣ. ಸೂಕ್ಷ್ಮಜೀವಿಗಳಿಗೆ ದಕ್ಕುವ ನೀರನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ, ಅದು 0.6ಕ್ಕಿಂತ ಕೆಳಗಿದ್ದರೆ ಬೂಷ್ಟಾಗಲಿ ಬ್ಯಾಕ್ಟೀರಿಯಾ ಆಗಲಿ ಬೆಳೆಯುವುದಿಲ್ಲ. ಒಣಪುಡಿ ಇದಕ್ಕಿಂತ ಬಹಳ ಕೆಳಗಿರುತ್ತದೆ. ಆದರೆ ಬೆಳೆಯುವುದಿಲ್ಲ ಎಂದರೆ ಸಾಯುತ್ತವೆ ಎಂದಲ್ಲ. ಸಾಲ್ಮೊನೆಲ್ಲಾದಂಥವು ಒಣಪುಡಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರಬಲ್ಲವು. ಹಸಿ ಚಮಚ ಒಳಗೆ ಹೋದ ಜಾಗದಲ್ಲಿ ಮಾತ್ರ ನೀರಿನ ಮಟ್ಟ ಏರುತ್ತದೆ. ಆದ್ದರಿಂದಲೇ ಡಬ್ಬಿಯ ಒಂದು ಮೂಲೆ ಕೆಟ್ಟು ಉಳಿದದ್ದು ಚೆನ್ನಾಗಿರುವಂತೆ ಕಾಣುವುದು.

ಎರಡನೆಯದು ಬಿಸಿ. ಪುಡಿಯಲ್ಲಿ ಉಳಿದಿರುವ ಲ್ಯಾಕ್ಟೋಸ್ ಸಕ್ಕರೆಯೂ ಪ್ರೋಟೀನಿನೊಳಗಿನ ಲೈಸೀನ್ ಎಂಬ ಅಮೈನೊ ಆಮ್ಲವೂ ಬಿಸಿ ಸಿಕ್ಕಾಗ ಕೂಡಿಕೊಳ್ಳುತ್ತವೆ. ಧಾರವಾಡ ಪೇಡ ಕಂದಾಗುವುದು ಇದೇ ಕ್ರಿಯೆಯಿಂದ. ಬಾಣಲೆಯಲ್ಲಿ ಕೆಲವು ಗಂಟೆಗಳಲ್ಲಿ ಆಗುವುದು ನಿಮ್ಮ ಸಜ್ಜಾದ ಮೇಲೆ ತಿಂಗಳುಗಳಲ್ಲಿ ಆಗಿದೆ, ಅಷ್ಟೇ ವ್ಯತ್ಯಾಸ. ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಇಮ್ಮಡಿ ಆಗುತ್ತದೆ ಎಂಬುದು ಸ್ಥೂಲ ಲೆಕ್ಕ. ಹೊರಗೆ 38 ಡಿಗ್ರಿ ಇದ್ದಾಗ ತಾರಸಿಗೆ ತಾಗಿದ ಸಜ್ಜಾದ ಮೇಲೆ ಎಷ್ಟಿರುತ್ತದೆ ಎಂಬುದನ್ನು ನೀವೇ ಊಹಿಸಿ. ಮೂರನೆಯದು ಕೊಬ್ಬು. ಅದು ಗಾಳಿಯೊಡನೆ ಬೆರೆತು ಕಮಟು ವಾಸನೆ ಕೊಡುತ್ತದೆ.

ಬಣ್ಣ ಕಾಣದ ಚಾಕೊಲೇಟ್ ಪುಡಿಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು: ಅರ್ಧ ಲೋಟ ಉಗುರುಬೆಚ್ಚನೆಯ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಸಿ ಮೂಗಿನ ಬಳಿ ಹಿಡಿಯಿರಿ. ಒಣಪುಡಿಯಲ್ಲಿ ಅಡಗಿರುವ ವಾಸನೆ ಬೆಚ್ಚನೆಯ ನೀರಿನಲ್ಲಿ ಮೇಲೇಳುತ್ತದೆ. ಹಳೆಯ ಎಣ್ಣೆಯ, ಒದ್ದೆ ರಟ್ಟಿನ ಅಥವಾ ಮುಗ್ಗಿದ ವಾಸನೆ ಬಂದರೆ ನಾಲಿಗೆಯವರೆಗೆ ಒಯ್ಯಬೇಡಿ. ಆದರೆ ವಾಸನೆ ಬರದಿದ್ದ ಮಾತ್ರಕ್ಕೆ ಸುರಕ್ಷಿತ ಎಂಬ ಚೀಟಿ ಸಿಕ್ಕಂತಲ್ಲ. ರೋಗ ತರುವ ಸೂಕ್ಷ್ಮಜೀವಿಗಳು ಮೂಗಿಗೆ ಸಿಗುವುದಿಲ್ಲ. ಒಳಗೆ ತೇವ ಹೊಕ್ಕಿರುವುದು ಖಚಿತವಾದರೆ ವಾಸನೆ ಹೇಗೇ ಇರಲಿ, ಬಿಡುವುದೇ ಸರಿ.

ಜಿಮ್_ಕೋಚ್_ಅಲ್ಲ
ಇಷ್ಟೊಂದು ಹೆದರಿಸುವ ಅಗತ್ಯವಿಲ್ಲ. ಪ್ರೋಟೀನ್ ಕೆಡುವುದಿಲ್ಲ ಎಂದು ನಮ್ಮ ಕೋಚ್ ಹೇಳುತ್ತಿದ್ದರು. ಬೇಕಿದ್ದರೆ ಪ್ರಯೋಗಾಲಯಕ್ಕೆ ಕಳಿಸಿ, ಡಬ್ಬಿಯ ಮೇಲೆ ಬರೆದಷ್ಟೇ ಗ್ರಾಂ ಪ್ರೋಟೀನ್ ಬರುತ್ತದೆ.

ಡೇರಿ_ಲ್ಯಾಬ್
ಬರುತ್ತದೆ, ಒಪ್ಪಿದೆ. ಏಕೆಂದರೆ ಸಾಮಾನ್ಯ ಪರೀಕ್ಷೆಯಲ್ಲಿ ಅಳೆಯುವುದು ನೈಟ್ರೋಜನ್ನನ್ನು; ಅದು ಎಲ್ಲಿಗೂ ಹೋಗಿರುವುದಿಲ್ಲ. ಸಕ್ಕರೆಗೆ ಅಂಟಿಕೊಂಡ ಲೈಸೀನ್ ಲೆಕ್ಕದಲ್ಲಿ ಇರುತ್ತದೆ, ದೇಹಕ್ಕೆ ದಕ್ಕುವುದಿಲ್ಲ. ಅಕ್ಕಿ, ಜೋಳ ಉಣ್ಣುವ ನಮ್ಮ ಊಟದಲ್ಲಿ ಮೊದಲೇ ಕಡಿಮೆ ಇರುವುದು ಈ ಲೈಸೀನೇ. ಹಾಗಿರುವಾಗ ಅದನ್ನೇ ಕಳೆದುಕೊಂಡ ಪುಡಿಗೆ ಸಾವಿರಾರು ರೂಪಾಯಿ ಕೊಟ್ಟು ಮಾಡುವುದೇನು?

ಜಿಮ್_ಕೋಚ್_ಅಲ್ಲ
ಈ ವಿಷಯ ನನಗೆ ತಿಳಿದಿರಲಿಲ್ಲ. ಆದರೂ ಒಂದೆರಡು ಬೇಸಿಗೆಗೆ ಎಲ್ಲವೂ ಹಾಳಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಡೇರಿ_ಲ್ಯಾಬ್
ಎಲ್ಲವೂ ಎಂದು ನಾನು ಎಲ್ಲಿಯೂ ಬರೆದಿಲ್ಲ ಸರ್. ಮತ್ತೊಮ್ಮೆ ಓದಿ.

ಹರಿಹರ_ರಾತ್ರಿಪಾಳಿ
ಇಷ್ಟೆಲ್ಲ ತಲೆನೋವು ಯಾಕೆ? ನಾನು ಡಬ್ಬಿಯನ್ನು ಫ್ರಿಜ್ಜಿನಲ್ಲೇ ಇಡುತ್ತೇನೆ. ಬಿಸಿಯೂ ಇಲ್ಲ, ಹುಳವೂ ಇಲ್ಲ.

ವಿದ್ಯಾನಗರದ_ಅಕ್ಕ
ಫ್ರಿಜ್ಜಿನಲ್ಲಿ ಇಡುವುದರಲ್ಲಿ ತಪ್ಪಿಲ್ಲ, ತೆಗೆದು ತೆರೆಯುವುದರಲ್ಲಿ ಇದೆ. ಮಗುವಿನ ಹಾಲಿನ ಪುಡಿಯಲ್ಲಿ ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಆಗಸ್ಟ್ ತಿಂಗಳಿನ ಜಿಟಿಜಿಟಿ ಮಳೆ. ತಣ್ಣಗಿನ ಡಬ್ಬಿಯನ್ನು ಹೊರತೆಗೆದು ಮುಚ್ಚಳ ತೆಗೆದಾಕ್ಷಣ ಹೊರಗಿನ ಹಸಿ ಗಾಳಿ ಒಳಗೆ ನುಗ್ಗಿ, ತಂಪು ಗೋಡೆಗೆ ತಾಗಿ ಹನಿಯಾಗುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ, ಅದೇ ಬೆವರು ಡಬ್ಬಿಯ ಒಳಮೈಗೆ ಬಂದರೆ ಹೇಗೆ? ದಿನಕ್ಕೆ ಮೂರು ಬಾರಿ ಹೀಗೆ ಮಾಡಿ ಹತ್ತು ದಿನದಲ್ಲಿ ಅಂಚಿನ ಪುಡಿಯನ್ನೆಲ್ಲ ಬೆಣೆಯಂತೆ ಗಟ್ಟಿ ಮಾಡಿದ್ದೆ.

ಹರಿಹರ_ರಾತ್ರಿಪಾಳಿ
ನನ್ನ ಡಬ್ಬಿಯ ಅಂಚಿನಲ್ಲೂ ಗಟ್ಟಿ ಪದರವೊಂದು ಇದೆ. ಅದು ತಯಾರಿಕೆಯ ದೋಷವೆಂದು ಭಾವಿಸಿ ಅಂಗಡಿಯವನೊಡನೆ ಜಗಳವಾಡಿ ಬಂದಿದ್ದೆ.

ಮಂಡಕ್ಕಿ_ಮಿರ್ಚಿ
ಆ ಅಂಗಡಿಯವರಿಗೆ ಒಂದು ಬೆಣ್ಣೆದೋಸೆ ಕೊಡಿಸಿ ಕ್ಷಮೆ ಕೇಳಿ.

ಅಂದ ಹಾಗೆ ಈ ಊರಿನವರಿಗೆ ತೇವದ ಪಾಠವನ್ನು ಯಾರೂ ಹೊರಗಿನಿಂದ ಬಂದು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಮಂಡಕ್ಕಿ ಚೀಲದ ಬಾಯಿಯನ್ನು ಎರಡು ಸುತ್ತು ತಿರುಚಿ ಕಟ್ಟದೆ ಹೋದವರು ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದರು. ಮೆತ್ತಗಾದ ಮಂಡಕ್ಕಿಯನ್ನಾದರೂ ಬಾಣಲೆಗೆ ಹಾಕಿ ಮತ್ತೆ ಗರಿ ಮಾಡಬಹುದು, ಪ್ರೋಟೀನ್ ಪುಡಿಗೆ ಆ ಭಾಗ್ಯವಿಲ್ಲ.

ಕೋಟೆ_ಮೆಟ್ಟಿಲು
ಅದಕ್ಕೊಂದು ಸುಲಭ ಉಪಾಯವಿದೆ. ಉಪ್ಪಿನ ಡಬ್ಬಿಗೆ ಹಾಕುವಂತೆ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಡಬ್ಬಿಯೊಳಗೆ ಇಟ್ಟರೆ ತೇವವನ್ನೆಲ್ಲ ಅದೇ ಹೀರುತ್ತದೆ.

ಡೇರಿ_ಲ್ಯಾಬ್
ದಯವಿಟ್ಟು ಹಾಗೆ ಮಾಡಬೇಡಿ. ಅಂಗಡಿಯ ಅಕ್ಕಿಯಲ್ಲಿ ನೂರಕ್ಕೆ 12ರಿಂದ 14ರಷ್ಟು ತೇವ ಇರುತ್ತದೆ, ನಿಮ್ಮ ಪುಡಿಯಲ್ಲಿ ಐದರ ಆಸುಪಾಸು. ಮುಚ್ಚಿದ ಡಬ್ಬಿಯೊಳಗೆ ತೇವ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಅಂದರೆ ಅಕ್ಕಿ ಪುಡಿಯನ್ನು ಒಣಗಿಸುವುದಿಲ್ಲ, ಪುಡಿಯೇ ಅಕ್ಕಿಯನ್ನು ಒಣಗಿಸುತ್ತದೆ! ಉಪ್ಪಿನ ಕಥೆ ಬೇರೆ: ಗಾಳಿಯ ತೇವ ನೂರಕ್ಕೆ 75 ದಾಟಿದ ಮೇಲಷ್ಟೇ ಅದು ನೀರೊಡೆಯುತ್ತದೆ, ಅಂಥ ಹಸಿಯ ಎದುರು ಅಕ್ಕಿ ಒಣಗಿದ ವಸ್ತುವೇ ಸರಿ.

ಕೋಟೆ_ಮೆಟ್ಟಿಲು
ಎರಡು ವರ್ಷಗಳಿಂದ ಅಕ್ಕಿ ಕಟ್ಟಿ ಇಡುತ್ತಿದ್ದೇನಲ್ಲ! ದುರ್ಗದ ಒಣಹವೆಯೇ ನನ್ನನ್ನು ಉಳಿಸಿರಬೇಕು.

ಗರಡಿಮನೆ_ಮಣ್ಣು
ಡಬ್ಬಿಯೊಳಗೆ ಚಿಕ್ಕದೊಂದು ಬಿಳಿ ಚೀಟಿ ಬರುತ್ತದೆಯಲ್ಲ, ನಮ್ಮ ಹುಡುಗರು ಮೊದಲು ಎಸೆಯುವುದೇ ಅದನ್ನು.

ಅಂಗಡಿ_ಗಲ್ಲಾ
ಆ ಚೀಟಿ ತೇವ ಹೀರುವ ಸಿಲಿಕಾ ಜೆಲ್. ಅದನ್ನು ತಿನ್ನಬಾರದು, ಮಕ್ಕಳ ಕೈಗೆ ಸಿಗಬಾರದು, ಆದರೆ ಪುಡಿ ಮುಗಿಯುವವರೆಗೆ ಡಬ್ಬಿಯಲ್ಲೇ ಇರಬೇಕು. ಕೆಲವು ಗ್ರಾಹಕರು ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಕ್ಕ ಚೀಟಿಯನ್ನು ತಂದು ಇದಕ್ಕೆ ಹಾಕುವುದನ್ನು ಕಂಡಿದ್ದೇನೆ. ಅದು ಆಹಾರದ ಜೊತೆ ಇಡಲೆಂದು ಮಾಡಿದ್ದಲ್ಲ. ನೀಲಿ ಕಾಳು ಇರುವವುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ರಾಸಾಯನಿಕ ಸೇರಿಸಿರುವುದುಂಟು.

ದಾವಣಗೆರೆಯಲ್ಲಿ ಇದೇ ವ್ಯಾಪಾರ ಮಾಡುವವನಾಗಿ ದಿನಾಂಕದ ಬಗ್ಗೆಯೂ ಒಂದು ಮಾತು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಬಳಕೆಯ ಕೊನೆಯ ದಿನಾಂಕ ಇರಲೇಬೇಕು. ಇಂಥ ದಿನದೊಳಗೆ ಬಳಸಿದರೆ ಉತ್ತಮ ಎಂಬ ಸಾಲು ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದು. ಈ ದಿನಾಂಕಗಳನ್ನು ಸೀಲ್ ಒಡೆಯದ, ಹೇಳಿದ ತಂಪಿನಲ್ಲಿ ಒಣಗಿದ ಜಾಗದಲ್ಲಿಟ್ಟ ಡಬ್ಬಿಯನ್ನು ಲೆಕ್ಕಕ್ಕೆ ಇಟ್ಟುಕೊಂಡು ಬರೆಯುತ್ತಾರೆ. ಸೀಲ್ ಒಡೆದ ದಿನವೇ ಆ ಲೆಕ್ಕ ಮುಗಿಯಿತು. ಹಲವು ಡಬ್ಬಿಗಳ ಬೆನ್ನಿನಲ್ಲಿ ತೆರೆದ ಮೇಲೆ ಎಷ್ಟು ದಿನದೊಳಗೆ ಮುಗಿಸಬೇಕೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಓದುವವರು ಅಪರೂಪ. ನಾನು ಮಾರುವಾಗಲೇ ಮಾರ್ಕರ್ ಪೆನ್ನು ಕೊಟ್ಟು, ತೆರೆದ ದಿನ ಮುಚ್ಚಳದ ಮೇಲೆ ಬರೆಯಿರಿ ಎನ್ನುತ್ತೇನೆ.

ಬಿಬ್ಲಾಕ್_ಬಾಡಿಗೆಮನೆ
ಅಣ್ಣನಿಗೆ ಈ ಸಾಲುಗಳನ್ನು ಈಗಲೇ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ಹರಿಹರ_ರಾತ್ರಿಪಾಳಿ
ಅಂಗಡಿಯವರೇ, ದೊಡ್ಡ ರಿಯಾಯಿತಿ ಕೊಡುವ ಡಬ್ಬಿಗಳು ದಿನಾಂಕ ಹತ್ತಿರವಾದವೇ ಅಲ್ಲವೇ? ನನಗೊಮ್ಮೆ ಆನ್‌ಲೈನಿನಲ್ಲಿ ಇಪ್ಪತ್ತು ದಿನ ಮಾತ್ರ ಉಳಿದಿದ್ದ ಎರಡು ಕಿಲೋ ಡಬ್ಬಿ ಬಂದಿತ್ತು. ಇಪ್ಪತ್ತು ದಿನದಲ್ಲಿ ಎರಡು ಕಿಲೋ ಮುಗಿಸಲು ನಾನೇನು ಮನುಷ್ಯನೋ, ಮಗ್ಗುಲಮನೆಯ ಎಮ್ಮೆಯೋ?

ಅಂಗಡಿ_ಗಲ್ಲಾ
ಎಲ್ಲವೂ ಹಾಗಿರುವುದಿಲ್ಲ, ಆದರೆ ಕೇಳಿ ಕೊಳ್ಳುವುದು ನಿಮ್ಮ ಹಕ್ಕು. ತಲುಪಿಸುವ ಹೊತ್ತಿಗೆ ಒಟ್ಟು ಬಾಳಿಕೆಯಲ್ಲಿ ನೂರಕ್ಕೆ 30 ಭಾಗ ಅಥವಾ 45 ದಿನವಾದರೂ ಉಳಿದಿರಬೇಕೆಂದು ಪ್ರಾಧಿಕಾರವು 2024ರ ನವೆಂಬರಿನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ತಿಳಿಸಿದೆ. ಡಬ್ಬಿ ಕೈಗೆ ಬಂದ ಕೂಡಲೇ ದಿನಾಂಕದ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದೆಯೇ ಎಂದು ಉಗುರಿನಿಂದ ಗೀರಿ ನೋಡಿ, 14 ಅಂಕಿಗಳ ಪರವಾನಗಿ ಸಂಖ್ಯೆಯನ್ನೂ ನೋಡಿ. ವ್ಯಾಪಾರಿಯಾಗಿ ನಷ್ಟದ ಮಾತನ್ನೂ ಹೇಳಿಬಿಡುತ್ತೇನೆ: ಒಬ್ಬರೇ ಕುಡಿಯುವುದಾದರೆ ಒಂದು ಕಿಲೋ ಕೊಳ್ಳಿ. ದಿನಕ್ಕೆ 30 ಗ್ರಾಂ ಲೆಕ್ಕದಲ್ಲಿ ಅದು ಒಂದು ತಿಂಗಳ ಮೇಲೆ ಮೂರು ದಿನ ಬರುತ್ತದೆ, ಕೆಡುವುದಕ್ಕೆ ಸಮಯವೇ ಇರುವುದಿಲ್ಲ.

ಚಳ್ಳಕೆರೆ_ಶೇಂಗಾ
ಕೊಬ್ಬು ಕಮಟಾಗುವ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನ ಶೇಂಗಾ ವ್ಯಾಪಾರ. ಸಿಪ್ಪೆಯೊಳಗಿನ ಕಾಯಿ ತಿಂಗಳುಗಟ್ಟಲೆ ಇರುತ್ತದೆ. ಸುಲಿದ ಬೀಜದ ಬಾಳಿಕೆ ಅದಕ್ಕಿಂತ ಕಡಿಮೆ. ಹುರಿದು ಪುಡಿ ಮಾಡಿದಿರೋ ವಾರಗಳಲ್ಲೇ ವಾಸನೆ ತಿರುಗುತ್ತದೆ. ಕಾರಣ ಇಷ್ಟೇ, ಪುಡಿಯಾದಷ್ಟೂ ಗಾಳಿ ತಾಗುವ ಮೈ ಹೆಚ್ಚು. ಪೇಟೆಯ ಪುಡಿ ಬೇಡವೆಂದು ಈಗ ಅನೇಕರು ಮನೆಯಲ್ಲೇ ಶೇಂಗಾ, ಹುರಿಗಡಲೆ, ಬಾದಾಮಿ ಸೇರಿಸಿ ಪ್ರೋಟೀನ್ ಪುಡಿ ಮಾಡಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಶೇಂಗಾದಲ್ಲಿ ಪ್ರೋಟೀನ್ ಕಾಲುಭಾಗವಾದರೆ ಎಣ್ಣೆ ಹೆಚ್ಚುಕಡಿಮೆ ಅರ್ಧಭಾಗ ಎಂಬುದನ್ನು ಮರೆಯಬಾರದು. ಅದನ್ನು ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಕುಟ್ಟಿಕೊಳ್ಳಿ.

ಬೂಷ್ಟಿನ ಬಗ್ಗೆ ಎಚ್ಚರಿಕೆಯ ಮಾತೊಂದು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಕೆಟ್ಟ ಭಾಗವನ್ನು ಚಮಚದಿಂದ ತೆಗೆದು ಉಳಿದದ್ದನ್ನು ಬಳಸುವ ಅಭ್ಯಾಸ ಯಾವ ಪುಡಿಗೂ ಬೇಡ.

ಗರಡಿಮನೆ_ಮಣ್ಣು
ನಮ್ಮ ಕಾಲದ ಪೈಲ್ವಾನರು ದುರ್ಗಮ್ಮನ ಜಾತ್ರೆಯ ಕುಸ್ತಿಗೆ ಇಳಿಯುವಾಗ ಬಾದಾಮಿಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ಅರೆದು ಹಾಲಿಗೆ ಬೆರೆಸಿ ಆಗಲೇ ಕುಡಿಯುತ್ತಿದ್ದರು. ಅದಕ್ಕೆ ದಿನಾಂಕವನ್ನು ಯಾರೂ ಬರೆಯುತ್ತಿರಲಿಲ್ಲ.

ಜಿಮ್_ಕೋಚ್_ಅಲ್ಲ
ಹಿರಿಯರೇ, ಬಾದಾಮಿಯ ಇಂದಿನ ದರ ಕೇಳಿದರೆ ಕುಸ್ತಿ ಅಂಗಡಿಯಲ್ಲೇ ನಡೆಯುತ್ತದೆ.

ವಿದ್ಯಾನಗರದ_ಅಕ್ಕ
ಇನ್ನೊಂದು ಸಂದೇಹವಿದೆ. ನನ್ನ ಮಗ ಬೆಳಿಗ್ಗೆ ಆರಕ್ಕೆ ಶೇಕರಿನಲ್ಲಿ ಹಾಲು ಹಾಕಿ ಕಲಸಿಕೊಂಡು ಹೋಗುತ್ತಾನೆ, ಕಾಲೇಜು ಮುಗಿಸಿ ಸಂಜೆ ಐದಕ್ಕೆ ಜಿಮ್ಮಿನಲ್ಲಿ ಕುಡಿಯುತ್ತಾನೆ. ಇದು ಸರಿಯೇ?

ಡೇರಿ_ಲ್ಯಾಬ್
ಖಂಡಿತ ಸರಿಯಲ್ಲ ಅಕ್ಕ. ಒಣಗಿದ್ದಾಗ ಮಾತ್ರ ಅದು ಪುಡಿ, ಕಲಸಿದ ಮೇಲೆ ಹಾಲು. ಕಾಯಿಸದ ಹಾಲನ್ನು ಹನ್ನೊಂದು ಗಂಟೆ ಚೀಲದಲ್ಲಿ ಹೊತ್ತು ತಿರುಗಿದರೆ ಏನಾಗುತ್ತದೋ ಇದೂ ಅದೇ. ಹೊರಗೆ ಎರಡು ಗಂಟೆಯೊಳಗೆ ಕುಡಿದು ಮುಗಿಸಬೇಕು, ನಮ್ಮ ಬೇಸಿಗೆಯಲ್ಲಿ ಒಂದೇ ಗಂಟೆ ಎಂದಿಟ್ಟುಕೊಳ್ಳಿ. ಪುಡಿಯನ್ನು ಚಿಕ್ಕ ಒಣ ಡಬ್ಬಿಯಲ್ಲಿ ಕೊಟ್ಟು ಕಳಿಸಿ, ಅಲ್ಲೇ ನೀರು ಬೆರೆಸಿಕೊಳ್ಳಲಿ. ಶೇಕರಿನ ಮುಚ್ಚಳದ ರಬ್ಬರ್ ಸುತ್ತನ್ನೂ ಬಿಚ್ಚಿ ತೊಳೆಯಲು ಹೇಳಿ. ಎಷ್ಟು ತಿಕ್ಕಿದರೂ ಹೋಗದ ಆ ನಾತ ಬರುವುದು ಅದರ ಸಂದಿಯಿಂದ.

ವಿದ್ಯಾನಗರದ_ಅಕ್ಕ
ಬಿಚ್ಚಿ ನೋಡಿದೆ. ಬರೆಯಲಾರೆ.

ಮಂಡಕ್ಕಿ_ಮಿರ್ಚಿ
ನಾವೂ ಓದಲಾರೆವು, ಉಪಕಾರವಾಯಿತು.

ಕೋಟೆ_ಮೆಟ್ಟಿಲು
ಹಾಗಾದರೆ ನಮ್ಮ ಮನೆಗಳಲ್ಲಿ ಇದನ್ನು ಇಡುವುದೆಲ್ಲಿ? ಒಲೆಯ ಮೇಲಿನ ಕಪಾಟು ಬೇಡ, ಸಜ್ಜಾ ಬೇಡ, ಫ್ರಿಜ್ ಬೇಡ ಎಂದಾಯಿತು.

ವಿದ್ಯಾನಗರದ_ಅಕ್ಕ
ನೆಲಮಟ್ಟದ ಕಪಾಟು, ಬಿಸಿಲು ಬೀಳದ ಒಳಗೋಡೆ, ಒಲೆಯಿಂದಲೂ ಸಿಂಕಿನಿಂದಲೂ ದೂರ. ನಮ್ಮ ಮನೆಯಲ್ಲಿ ಅಂಥ ಜಾಗ ಇರುವುದು ದೇವರಮನೆಯ ಪಕ್ಕದ ಬಟ್ಟೆ ಬೀರುವಿನ ಕೆಳಖಾನೆಯಲ್ಲಿ, ಅಲ್ಲೇ ಇಟ್ಟಿದ್ದೇವೆ. ದೊಡ್ಡ ಡಬ್ಬಿಯಿಂದ ವಾರಕ್ಕೆ ಬೇಕಾದಷ್ಟನ್ನು ಬಿಸಿಲಿರುವ ದಿನ ಚಿಕ್ಕ ಡಬ್ಬಿಗೆ ತುಂಬಿಕೊಂಡು ದೊಡ್ಡದನ್ನು ಬಿಗಿಯಾಗಿ ಮುಚ್ಚಿಬಿಡುತ್ತೇವೆ. ದಿನವೂ ಗಾಳಿ ಕುಡಿಯುವುದು ಚಿಕ್ಕ ಡಬ್ಬಿ ಮಾತ್ರ. ಖಾರದ ಪುಡಿಗೆ, ಸಾರಿನ ಪುಡಿಗೆ ಅತ್ತೆಯವರು ಮೊದಲಿನಿಂದ ಮಾಡುತ್ತಿರುವ ಕ್ರಮವೇ ಇದು. ಉಪ್ಪಿನಕಾಯಿ ಭರಣಿಗೆ ಹಸಿ ಸೌಟು ಹಾಕಿದವರನ್ನು ಅವರು ಸುಮ್ಮನೆ ಬಿಟ್ಟ ಉದಾಹರಣೆಯಿಲ್ಲ. ಗಂಡುಮಕ್ಕಳು ಬೆವರಿದ ಕೈಯಿಂದ ಪ್ರೋಟೀನ್ ಡಬ್ಬಿಯೊಳಗೆ ಚಮಚ ಹುಡುಕುವುದನ್ನು ಕಂಡಾಗಿನಿಂದ ಈ ಡಬ್ಬಿಯೂ ಅವರ ಆಡಳಿತಕ್ಕೆ ಸೇರಿದೆ.

ಅಂಗಡಿ_ಗಲ್ಲಾ
ಅಕ್ಕ, ಅತ್ತೆಯವರನ್ನು ನಮ್ಮ ಗೋದಾಮಿಗೆ ಒಮ್ಮೆ ಕಳಿಸಿಕೊಡಿ.

ಡೇರಿ_ಲ್ಯಾಬ್
ಸಣ್ಣದೊಂದು ಸೇರ್ಪಡೆ. ಎಲ್ಲ ಪುಡಿಗಳೂ ಒಂದೇ ಸಮನಾಗಿ ಕೆಡುವುದಿಲ್ಲ. ನೂರಕ್ಕೆ 90ರಷ್ಟು ಪ್ರೋಟೀನ್ ಇರುವ ಐಸೊಲೇಟ್‌ನಲ್ಲಿ ಕೊಬ್ಬು, ಲ್ಯಾಕ್ಟೋಸ್ ಎರಡೂ ಕಡಿಮೆ. ಅಷ್ಟಾಗಿ ಶುದ್ಧೀಕರಿಸದ ಕಾನ್ಸಂಟ್ರೇಟ್‌ನಲ್ಲಿ ಎರಡೂ ಅದಕ್ಕಿಂತ ಹೆಚ್ಚು. ಮೈತೂಕ ಹೆಚ್ಚಿಸಲು ಕುಡಿಯುವ, ಸಕ್ಕರೆ ತುಂಬಿದ ಮಾಸ್ ಗೇನರ್‌ಗಳು ತೇವಕ್ಕೆ ಬಹಳ ಬೇಗ ಅಂಟಾಗುತ್ತವೆ.

ಬಿಬ್ಲಾಕ್_ಬಾಡಿಗೆಮನೆ
ಎಲ್ಲವನ್ನೂ ಓದಿ, ಇವತ್ತು ಬೆಳಿಗ್ಗೆ ಡಬ್ಬಿಯನ್ನು ಪೂರ್ತಿ ಹಳೆಯ ದಿನಪತ್ರಿಕೆಯ ಮೇಲೆ ಸುರಿದೆ. ಮೇಲಿನ ಗಂಟುಗಳು ಬೆರಳಿಗೆ ಪುಡಿಯಾದವು. ತಳದಲ್ಲಿ ಅಳತೆಯ ಚಮಚ ಹೂತಿತ್ತು. ಅದರ ಬಟ್ಟಲಿನೊಳಗೆ ಬೆಲ್ಲದ ಅಚ್ಚಿನಂತೆ ಗಟ್ಟಿ ಉಂಡೆಯೊಂದು ಕುಳಿತಿತ್ತು, ಉಗುರಿಗೂ ಜಗ್ಗಲಿಲ್ಲ. ಆಗ ನೆನಪಾಯಿತು: ಡಿಸೆಂಬರಿನ ಕೊನೆಯ ದಿನ ಶೇಕ್ ಕಲಸಿ, ಚಮಚವನ್ನು ನಲ್ಲಿಯ ಕೆಳಗೆ ತೊಳೆದು, ಹಾಗೆಯೇ ಒಳಗೆ ಹಾಕಿ ಮುಚ್ಚಿದ್ದೆ. ಅಚ್ಚುಕಟ್ಟಿನ ಹುಡುಗ ಎನಿಸಿಕೊಳ್ಳುವ ಹಂಬಲ! ಬೆಚ್ಚನೆಯ ನೀರಿನ ಪರೀಕ್ಷೆಯನ್ನೂ ಮಾಡಿದೆ. ಮೊದಲು ಚಾಕೊಲೇಟ್ ವಾಸನೆ ಬಂದಿತು, ಅದರ ಹಿಂದೆಯೇ ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯದು. ಎಲ್ಲವನ್ನೂ ಕಟ್ಟಿ ಕಸದ ಗಾಡಿಗೆ ಹಾಕಿದೆ. ಅಣ್ಣನ ಉತ್ತರವೂ ಈಗ ಬಂದಿದೆ, ನಾನು ಮೊದಲೇ ಹೇಳಿದ್ದೆನಲ್ಲ ಎನ್ನುತ್ತಿದ್ದಾನೆ.

ಗರಡಿಮನೆ_ಮಣ್ಣು
ಅಣ್ಣಂದಿರು ಎಲ್ಲ ಊರಿನಲ್ಲೂ ಒಂದೇ.

ಹರಿಹರ_ರಾತ್ರಿಪಾಳಿ
ಪುಡಿ ಹೋಯಿತು, ಸರಿ. ಡಬ್ಬಿಯನ್ನು ಎಸೆಯಲಿಲ್ಲ ತಾನೇ?

ಬಿಬ್ಲಾಕ್_ಬಾಡಿಗೆಮನೆ
ಇಲ್ಲ. ತೊಳೆದು ತಾರಸಿಯ ಮೇಲೆ ಬೋರಲು ಹಾಕಿದ್ದೇನೆ. ಒಣಗಿದ ಮೇಲೆ ಮಂಡಕ್ಕಿ ತುಂಬಿಸಿಡು ಎಂದು ಅಮ್ಮ ಹೇಳಿದ್ದಾರೆ.

ಮಂಡಕ್ಕಿ_ಮಿರ್ಚಿ
ಸಜ್ಜಾದ ಮೇಲೆ ಮಾತ್ರ ಇಡಬೇಡಿ.